ಲಿಫ್ಟಣ್ಣನ ದೂರು ಪುಸ್ತಕದ ಹಕ್ಕಿ

"ಇವತ್ತಿಂದ ನಾನು ಬಸ್ಸು ಹತ್ತಲ್ಲ! ಕೆಲಸಕ್ಕೆ ನಡ್ಕೊಂಡೇ ಹೋಗ್ತೀನಿ, ನಡ್ಕೊಂಡೇ ಬರ್ತೀನಿ. ದಾರೀಲಿ ಕಾಣೋ ಒಂದೊಂದು ಹಕ್ಕೀನೂ ಬರ್ಕೊತೀನಿ. ಒಂದೇ ತಿಂಗಳು! ಈ ಊರಿನ ಹಕ್ಕಿಗಳೆಲ್ಲ ನನ್ನ ಜೇಬಲ್ಲಿ!" ಎಂದು ಲಿಫ್ಟಣ್ಣ ಹಲ್ಲುಜ್ಜುವ ಬ್ರಷ್ಷನ್ನು ಕತ್ತಿಯಂತೆ ಎತ್ತಿ ಹಿಡಿದು ಘೋಷಿಸಿದ.

"ಹಕ್ಕೀನ ಆಮೇಲೆ ಜೇಬಿಗೆ ಹಾಕ್ಕೊಳ್ಳಿ. ಮೊದಲು ಬಟ್ಟೆ ಹಗ್ಗದ ರಾಟೆಗೆ ಎಣ್ಣೆ ಹಾಕಿ. ಏಣಿ ಹತ್ತಿದ್ರೂ ನನ್ನ ಕೈಗೆ ಎಟುಕಲ್ಲ. ಮೂರು ತಿಂಗಳಾಯ್ತು ಹೇಳಿ ಹೇಳಿ," ಎಂದಳು ಹೆಂಡತಿ.

"ಭಾನುವಾರ ಹಾಕ್ತೀನಿ ಕಣೇ."

ಯಾವ ಭಾನುವಾರ ಎಂದು ಅವನು ಹೇಳಲಿಲ್ಲ.

ಲಿಫ್ಟಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಲಿಫ್ಟ್ ರಿಪೇರಿಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ ಮನುಷ್ಯ. ಅವನ ಕೈಗಿಂತ ಕಿವಿ ದೊಡ್ಡದು, ಅಂದರೆ ಹೆಸರಿನಲ್ಲಿ. ಹನ್ನೆರಡನೇ ಮಹಡಿಯ ರಾಟೆ ಒಣಗಿದ್ದರೆ ನೆಲಮಹಡಿಯಲ್ಲಿ ನಿಂತೇ ಹೇಳಿಬಿಡುತ್ತಿದ್ದ. ಊರಿನ ರಾಟೆಗಳಿಗೆಲ್ಲ ಎಣ್ಣೆ ಕುಡಿಸಿ ಕುಡಿಸಿ, ಸಂಜೆ ಮನೆಗೆ ಬಂದಾಗ ಎಣ್ಣೆಯ ಡಬ್ಬ ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಹೀಗಾಗಿ ಮನೆಯ ರಾಟೆ ಉಪವಾಸ ಬಿದ್ದಿತ್ತು. ಅದರ ಸದ್ದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ಹೆಂಡತಿ ಬಟ್ಟೆ ಹಾಕುವುದು ಅವನು ಹೊರಟ ಮೇಲೆ, ತೆಗೆಯುವುದು ಅವನು ಬರುವುದರೊಳಗೆ, ಭಾನುವಾರ ಒಗೆತಕ್ಕೇ ರಜೆ.

ಹಕ್ಕಿಯ ಹುಚ್ಚು ಹತ್ತಿಸಿದ್ದು ನಿವೃತ್ತ ಹೆಡ್ ಮೇಡಂ. ಅವರ ಮಹಡಿಯ ಲಿಫ್ಟ್ ಸರಿಮಾಡಲು ಹೋದವನು, ಅವರು ನಡೆಸುವ ಹಕ್ಕಿ ಬಳಗದವರ ಹಸಿರು ಟೋಪಿ ನೋಡಿ ಮರುಳಾಗಿಬಿಟ್ಟ. ಆದರೆ ಟೋಪಿ ಸುಮ್ಮನೆ ಸಿಗುವುದಿಲ್ಲ. ಬಳಗದ ದಾಖಲೆಯಲ್ಲಿ ಇಲ್ಲದ ಒಂದು ಹಕ್ಕಿಯನ್ನು ತಿಂಗಳೊಳಗೆ ಎಲ್ಲರಿಗೂ ತೋರಿಸಬೇಕು. ತೋರಿಸದಿದ್ದರೆ ಬಂದ ದಾರಿಗೆ ಸುಂಕವಿಲ್ಲ! ಟೋಪಿ ಬಂದೇ ಬರುತ್ತದೆಂದು ಲಿಫ್ಟಣ್ಣ ಆಗಲೇ ಬಾಗಿಲ ಹಿಂದೆ ಮೊಳೆ ಹೊಡೆದಿಟ್ಟಿದ್ದ.

ಬರೆದುಕೊಳ್ಳಲು ಆಫೀಸಿನ ಹಳೇ ದೂರು ಪುಸ್ತಕ ಸಿಕ್ಕಿತು. ಅದರಲ್ಲಿ ಎರಡೇ ಅಂಕಣ: 'ದೂರಿನ ವಿವರ', 'ಕೈಗೊಂಡ ಕ್ರಮ'. ಲಿಫ್ಟಣ್ಣ ನಿಯಮ ಮೀರುವವನಲ್ಲ. 'ದೂರು: ಕಾಗೆ, ಎರಡು. ಕ್ರಮ: ನೋಡಲಾಯಿತು.' 'ದೂರು: ಪಾರಿವಾಳ, ಹದಿನಾಲ್ಕು. ಕ್ರಮ: ಎಣಿಸುವಾಗ ಹಾರಿದವು.' ಮೂರು ವಾರ ಕಳೆದರೂ ಪುಸ್ತಕದಲ್ಲಿ ಕಾಗೆ, ಪಾರಿವಾಳ, ಗುಬ್ಬಿ ಬಿಟ್ಟು ನಾಲ್ಕನೆಯದು ಬರಲಿಲ್ಲ. ಮೊಳೆ ಖಾಲಿಯಾಗಿಯೇ ಉಳಿಯುವ ಲಕ್ಷಣ ಕಾಣತೊಡಗಿತು.

ಆಗ ಆ ಮಹಾಪಕ್ಷಿ ಕೂಗಿತು!

ಬೆಳಗ್ಗೆ ಎಂಟೂಕಾಲು. ಬಿಸಿಲಿಗೆ ಹೆದರಿ ಅಂದು ಮನೆಯ ಹಿಂದಿನ ಓಣಿ ಹಿಡಿದಿದ್ದ. ದೊಡ್ಡ ಮರದ ಎಲೆಗಳ ಮರೆಯಿಂದ "ಕ್ರೀಂ... ಕ್ರೀಂ... ಕ್ರೀಂ... ಟಕ್!" ಲಿಫ್ಟಣ್ಣ ನಿಂತಲ್ಲೇ ಕಂಬವಾದ. ಸಂಜೆ ಐದೂವರೆಗೆ ಬಂದರೆ ಮತ್ತೆ ಅದೇ! ಮರುದಿನವೂ ಅದೇ! ಹೋಗುವಾಗ ಬೀಳ್ಕೊಡುಗೆ, ಬರುವಾಗ ಸ್ವಾಗತ! ದುರ್ಬೀನು ತಿರುಗಿಸಿ ತಿರುಗಿಸಿ ಕಣ್ಣು ಕೆಂಪಾದರೂ ಎಲೆ ಬಿಟ್ಟರೆ ಏನೂ ಕಾಣಲಿಲ್ಲ. ಕಂಡಿದ್ದಕ್ಕಿಂತ ಹೆಚ್ಚು ಬರೆದ. 'ಮಳೆಯಲ್ಲಿ ಮೌನ. ಸೋಮವಾರ ದೀರ್ಘ ಗಾಯನ. ಬಹಳ ನಾಚಿಕೆಯ ಹಕ್ಕಿ. ನನ್ನನ್ನು ಗುರುತು ಹಿಡಿಯುತ್ತದೆ.'

"ಲೇ, ಇನ್ನೆರಡು ದಿನ! ನಿನ್ನ ಗಂಡ ಯಾರು ಅಂತ ಊರಿಗೆ ಗೊತ್ತಾಗುತ್ತೆ!"

"ನನಗೆ ಗೊತ್ತಿದೆ, ಸಾಕು. ರಾಟೆ?"

"ಭಾನುವಾರ!"

ಶನಿವಾರ ಬೆಳಗ್ಗೆ ಎಂಟಕ್ಕೆ ಹೆಡ್ ಮೇಡಂ ಬಳಗದ ಆರು ಟೋಪಿಗಳೊಂದಿಗೆ ಓಣಿಗೆ ಬಂದರು. ತಿಂಗಳಿಗೆ ಅದೇ ಕೊನೆಯ ದಿನ. ಏಳು ದುರ್ಬೀನುಗಳು ಒಟ್ಟಿಗೆ ಮರದತ್ತ ತಿರುಗಿದವು. ಎಂಟೂಕಾಲಾಯಿತು. ಎಂಟೂವರೆಯಾಯಿತು. ಹಕ್ಕಿ ಕಮಕ್ ಕಿಮಕ್ ಎನ್ನಲಿಲ್ಲ.

"ಎಲ್ಲಪ್ಪಾ ನಿನ್ನ ಹಕ್ಕಿ?" ಹೆಡ್ ಮೇಡಂ ಕೇಳಿದ್ದು ಮೆಲ್ಲಗೇ. ಆದರೆ ಲಿಫ್ಟಣ್ಣನಿಗೆ ಹೋಮ್‌ವರ್ಕ್ ಮಾಡದ ಮೂರನೇ ಕ್ಲಾಸು ನೆನಪಾಯಿತು.

"ನಾಚಿಕೆ ಮೇಡಂ ಅದಕ್ಕೆ. ತಾಳಿ, ನಾನು ಕರೆದರೆ ಬರುತ್ತೆ!" ಎಂದವನೇ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದ. "ಕ್ರೀಂ! ಕ್ರೀಂ! ಕ್ರೀಂ! ಟಕ್!" ಏನು ಕಿವಿ, ಏನು ಕಂಠ! ಒಂದು ಕೂದಲೆಳೆ ವ್ಯತ್ಯಾಸವಿರಲಿಲ್ಲ.

ಎಲೆಗಳು ಅಲುಗಿದವು. ಏಳೂ ಜನ ಉಸಿರು ಬಿಗಿಹಿಡಿದರು. ಕೊಂಬೆ ಸರಿಯಿತು. ನಡುವಿನಿಂದ ಮೆಲ್ಲಗೆ ಒಂದು ತಲೆ ಹೊರಬಂತು.

ಲಿಫ್ಟಣ್ಣನ ಹೆಂಡತಿಯ ತಲೆ!

"ಏನ್ರೀ ಇದು? ಎಣ್ಣೆ ಹಾಕಿ ಅಂದ್ರೆ ಹಾಕಲ್ಲ, ಕೆಳಗೆ ನಿಂತು ರಾಟೆ ಸದ್ದು ಅಣಕಿಸ್ತೀರಾ? ಅದೂ ಜನ ಕೂಡಿಸ್ಕೊಂಡು!"

ಇಷ್ಟು ವರ್ಷ ಮನೆಯ ಮುಂಭಾಗದಿಂದಲೇ ಓಡಾಡಿದ್ದ ಲಿಫ್ಟಣ್ಣನಿಗೆ ಈ ಮರದ ಹಿಂದೆ ಇರುವುದು ತನ್ನದೇ ಬಾಲ್ಕನಿ ಎಂಬುದು ಆಗ ಹೊಳೆಯಿತು.

"ಯಾರೋ ದುರ್ಬೀನು ಹಿಡ್ಕೊಂಡು ನಿಂತಿದಾರೆ, ನಿಮ್ಮ ತೂತು ಬನಿಯನ್ ಹೇಗಪ್ಪಾ ಹಾಕೋದು, ಮರ್ಯಾದೆ ಪ್ರಶ್ನೆ ಅಂತ ಆಗಲಿಂದ ಕಾಯ್ತಾ ಇದೀನಿ. ಕರ್ಕೊಂಡು ಬಂದೋರು ನೀವೇ ಅಂದ್ಮೇಲೆ ಇನ್ನೇನು!" ಎಂದು ಆಕೆ ಹಗ್ಗ ಎಳೆದಳು.

ಕ್ರೀಂ... ಕ್ರೀಂ... ಕ್ರೀಂ... ಟಕ್! ಎಲೆಗಳ ಮರೆಯಿಂದ ತೂತು ಬನಿಯನ್ನೊಂದು ಗಾಂಭೀರ್ಯದಿಂದ ತೇಲಿ ಬಂತು. ಏಳು ದುರ್ಬೀನುಗಳೂ ಅದನ್ನು ಹಿಂಬಾಲಿಸಿದವು.

ಹೆಡ್ ಮೇಡಂ ಲಿಫ್ಟಣ್ಣನ ಕೈಯಿಂದ ದೂರು ಪುಸ್ತಕ ತೆಗೆದುಕೊಂಡು, ತಲೆ ಎತ್ತಿ ಕೇಳಿದರು: "ಸೋಮವಾರ ದೀರ್ಘ ಗಾಯನ ಅಂತಿದೆಯಲ್ಲಮ್ಮಾ?"

"ಸೋಮವಾರ ಬೆಡ್‌ಶೀಟು ಒಗೀತೀನಿ ಮೇಡಂ."

"ಮಳೆಯಲ್ಲಿ ಮೌನ?"

"ಮಳೆಯಲ್ಲಿ ಬಟ್ಟೆ ಯಾರು ಒಣಗಿಸ್ತಾರೆ?"

"ನನ್ನನ್ನು ಗುರುತು ಹಿಡಿಯುತ್ತದೆ?"

"ಹಿಡೀದೆ ಇನ್ನೇನು? ಹಗ್ಗದ ತುಂಬಾ ಇವರದ್ದೇ ಬಟ್ಟೆ!"

ಆರು ಟೋಪಿಗಳು ಹೊಟ್ಟೆ ಹಿಡಿದು ಗೋಡೆಗೆ ಒರಗಿದವು. ಹೆಡ್ ಮೇಡಂ ಮಾತ್ರ ನಗಲಿಲ್ಲ. 'ಕೈಗೊಂಡ ಕ್ರಮ' ಎಂಬಲ್ಲಿ ಕೆಂಪು ಶಾಯಿಯಲ್ಲಿ 'ಎಣ್ಣೆ ಹಾಕುವುದು' ಎಂದು ಬರೆದು ಸಹಿ ಹಾಕಿ, ಮೇಲೆ ಹೋಗಿ ಲಿಫ್ಟಣ್ಣನ ಹೆಂಡತಿ ಕೊಟ್ಟ ಚಹಾ ಕುಡಿದು ಹೊರಟರು.

ಅಂದೇ ಲಿಫ್ಟಣ್ಣ ಏಣಿ ಹತ್ತಿದ. ಎಣ್ಣೆ ಬಿಟ್ಟ. ರಾಟೆ ಮೂಕವಾಯಿತು. ಸೋಮವಾರ ಓಣಿಯಲ್ಲಿ ನಡೆಯುವಾಗ ಬೀಳ್ಕೊಡುವವರೇ ಇಲ್ಲ! ಹೇಳಲು ನಾಚಿಕೆ, ಆದರೆ ಅವನಿಗೆ ನಿಜವಾಗಿಯೂ ಬೇಜಾರಾಯಿತು. ಬಾಗಿಲ ಹಿಂದಿನ ಮೊಳೆಯನ್ನು ಕೀಳಲು ಎರಡು ಸಲ ಹೋಗಿ, ಮನಸ್ಸು ಬಾರದೆ ಬಿಟ್ಟ.

ಹತ್ತು ದಿನ ಕಳೆದು ಒಂದು ಸಂಜೆ ಮನೆಗೆ ಬಂದವನು ಬಾಗಿಲಲ್ಲೇ ನಿಂತ. ಮೊಳೆಯ ಮೇಲೆ ಹಸಿರು ಟೋಪಿ ತೂಗುತ್ತಿತ್ತು!

"ಮೇಡಂ ಕ್ಷಮಿಸಿದ್ರಾ? ನನಗೆ ಟೋಪಿ ಕಳಿಸಿದ್ರಾ?" ಅವನು ಕೈ ಚಾಚಿದ.

"ಮುಟ್ಬೇಡಿ, ಅದು ನಂದು," ಎಂದಳು ಹೆಂಡತಿ. "ರಾಟೆ ಸದ್ದು ನಿಂತ್ಮೇಲೆ ಒಂದು ನೀಲಿ ಕತ್ತಿನ ಹಕ್ಕಿ ದಿನಾ ಹಗ್ಗದ ಮೇಲೆ ಬಂದು ಕೂರುತ್ತೆ. ಫೋನ್ ಮಾಡಿದೆ. ಇವತ್ತು ಮೇಡಂ ಬಳಗದವರನ್ನೆಲ್ಲ ಕರ್ಕೊಂಡು ಬಂದು ನೋಡಿದ್ರು. ಮೂವತ್ತು ವರ್ಷದಿಂದ ಹುಡುಕ್ತಿದ್ರಂತೆ, ಕಣ್ಣಲ್ಲಿ ನೀರು ಹಾಕ್ಕೊಂಡ್ರು ಪಾಪ."

"ದಿನಾ? ನನಗೆ ಯಾಕೆ ಹೇಳಲಿಲ್ಲ?"

ಆಕೆ ದೂರು ಪುಸ್ತಕ ಮುಂದೆ ಹಿಡಿದಳು. ಹೊಸ ಪುಟದಲ್ಲಿ ಆಕೆಯ ಗುಂಡು ಅಕ್ಷರ ಮುತ್ತಿನಂತಿತ್ತು:

'ದೂರು: ನೀಲಿ ಕತ್ತಿನ ಹಕ್ಕಿ, ಒಂದು. ಕೈಗೊಂಡ ಕ್ರಮ: ಗಂಡ ಕೆಲಸಕ್ಕೆ ಹೋಗುವವರೆಗೆ ಕಾದು, ನೋಡಲಾಯಿತು.'