ಏಳನೇ ತೊಟ್ಟಿಯ ಗಂಡುಮೀನಿನ ಮೇಲೆ ಕನಿಕರಪಡುವ ಕ್ರಮದ ಬಗ್ಗೆ

ತೊಟ್ಟಿ ಕೋಣೆ, ಮೀನು ವಂಶವಾಹಿ ಸಂಶೋಧನಾ ವಿಭಾಗ
ಸಂಖ್ಯೆ: ತೊ.ಕೋ./ಕನಿಕರ/೪–೭

ವಿಷಯ: ಮೀನುಗಳನ್ನು ನೆಂಟರ ಮನೆಗೆ ಕಳುಹಿಸುವುದನ್ನು ನಿಲ್ಲಿಸುವ ಕುರಿತು.

ಉಲ್ಲೇಖ: (೧) ಸಂಶೋಧನಾ ಪತ್ರಿಕೆಯ ಸಂಪಾದಕರ ಪತ್ರ, ಹನ್ನೊಂದು ವಾರಗಳಿಂದ ಉತ್ತರವಿಲ್ಲ. (೨) ಆಹಾರ ಹಾಕುವವರ ತಪ್ಪೊಪ್ಪಿಗೆ, ನಿನ್ನೆ, ಬಾಯಿಮಾತಿನಲ್ಲಿ.

ನಾಲ್ಕನೇ ತೊಟ್ಟಿಯ ನೀರು ಈಗ ಅರ್ಧ ಬಸಿದಿದ್ದು, ಉಳಿದರ್ಧ ಬಸಿಯುವಷ್ಟರಲ್ಲಿ ಸಿಬ್ಬಂದಿಯೆಲ್ಲರೂ ಇದನ್ನು ಓದಿ ಮುಗಿಸತಕ್ಕದ್ದು. ಕೊಳವೆ ಹಿಡಿದು ನಿಂತವರಿಗೆ ಪಕ್ಕದವರು ಗಟ್ಟಿಯಾಗಿ ಓದಿ ಹೇಳತಕ್ಕದ್ದು.

೧. ನಾಲ್ಕನೇ ತೊಟ್ಟಿಯಲ್ಲಿ ಚುಕ್ಕಿಯ ಮೀನುಗಳೂ ಏಳನೆಯದರಲ್ಲಿ ಪಟ್ಟೆಯ ಒಂಟಿ ಗಂಡೂ ಇರುವುದು ಸರಿಯಷ್ಟೆ. ಚುಕ್ಕಿಯವುಗಳ ವಂಶವನ್ನು ನಮ್ಮ ವಿಜ್ಞಾನಿಯವರು ಮೂರು ವರ್ಷದಿಂದ ಬೇರೆಯಾಗಿಯೇ ಸಾಕಿರುತ್ತಾರೆ. ಅಂಥ ತೊಟ್ಟಿಯಲ್ಲಿ ಪಟ್ಟೆಯ ಮರಿಗಳು ಕಾಣಿಸಿದಾಗ, ಯಾವ ಕಾಲದ ಮುತ್ತಜ್ಜಿಯ ಗುಣವೋ ವಂಶವಾಹಿಯಲ್ಲಿ ಅಡಗಿದ್ದು ಈಗ ಹೊರಬಿದ್ದಿದೆ ಎಂದು ಪ್ರಬಂಧ ಬರೆದಿರುತ್ತಾರೆ. ಸಂಪಾದಕರು ಕೇಳಿರುವುದು ಒಂದೇ ಪ್ರಶ್ನೆ: ಬೇರೆ ಮೀನು ಆ ತೊಟ್ಟಿಗೆ ಹೋಗಿಲ್ಲವೆಂಬುದು ಖಚಿತವೇ? "ಖಚಿತ" ಎಂದು ಬರೆಯಲು ಕೈ ಏಳದೆ, ಉತ್ತರವು ಸೂಕ್ಷ್ಮದರ್ಶಕದ ಅಡಿಯಲ್ಲಿ ಅರ್ಧಕ್ಕೇ ನಿಂತಿತ್ತು.

೨. ಕಳೆದ ವಾರ ಮರಿಗಳ ಬಾಲದಂಚಿನ ಚೂರು ತೆಗೆದು ಪರೀಕ್ಷಿಸಲಾಗಿ, ಅವುಗಳ ಅಪ್ಪ ಏಳನೇ ತೊಟ್ಟಿಯಲ್ಲಿ ಇರುವುದು ಕಂಡುಬಂದಿದೆ. ಅಪ್ಪನನ್ನು ವಿಚಾರಿಸಲಾಗಿ, ಗುಳ್ಳೆ ಬಿಟ್ಟಿದ್ದು ಬಿಟ್ಟರೆ ಸಮಜಾಯಿಷಿ ಬಂದಿರುವುದಿಲ್ಲ.

೩. ಅದು ಹಾರಿತೆಂಬ ಕಾವಲುಗಾರರ ವಾದವನ್ನು ತಿರಸ್ಕರಿಸಲಾಗಿದೆ. ಹಾಗೆ ಹಾರಲು ಅದು ತನ್ನ ಮುಚ್ಚಳ ತೆಗೆದು, ಎರಡು ತೊಟ್ಟಿ ದಾಟಿ, ನಾಲ್ಕನೆಯದರ ಮುಚ್ಚಳವನ್ನೂ ತೆಗೆದು, ಬಂದ ದಾರಿಯಲ್ಲೇ ವಾಪಸು ಹೋಗಿ ಎಲ್ಲವನ್ನೂ ಮುಚ್ಚಿರಬೇಕು. ಮುಚ್ಚಳ ಮುಚ್ಚುವ ಅಭ್ಯಾಸ ಸಿಬ್ಬಂದಿಗೇ ಇಲ್ಲ.

೪. ನಿಜಸಂಗತಿ: ವಿಜ್ಞಾನಿಯವರು ಮಾದರಿ ತರಲು ಕೆರೆಗೆ ಹೋಗಿದ್ದ ನಾಲ್ಕು ದಿನ ಆಹಾರ ಹಾಕುವವರು ಸದರಿ ಗಂಡನ್ನು ನಾಲ್ಕನೇ ತೊಟ್ಟಿಗೆ ಬಿಟ್ಟಿರುತ್ತಾರೆ. "ಒಂದೇ ಮೂಲೆ ಹಿಡ್ಕೊಂಡು ಕೂತಿತ್ತು ಮೇಡಂ. ನಾಲ್ಕು ದಿನ ಬದಲಾವಣೆ ಆಗ್ಲಿ ಅಂತ ಬಿಟ್ಟೆ. ವಾಪಸ್ ತಂದು ಹಾಕಿದ್ದೀನಲ್ಲ" ಎಂಬುದು ವಿಜ್ಞಾನಿಯವರ ಮುಂದೆ ಅವರ ಹೇಳಿಕೆ. ವಾಪಸು ಹಾಕಿದ ಮೇಲೆ ಹೋದದ್ದೇ ಲೆಕ್ಕಕ್ಕಿಲ್ಲ ಎಂದು ಅವರು ನಂಬಿದ್ದರು. ಈ ಸಾಗಣೆಯಲ್ಲಿ ಬಟ್ಟಲು ಹಿಡಿದವರು ಕೆಳಗೆ ಸಹಿ ಮಾಡಿದವರೇ ಆಗಿರುತ್ತಾರೆ.

೫. ಆದ್ದರಿಂದ ಎಲ್ಲರ ಗಮನಕ್ಕೆ ತರುವುದೇನೆಂದರೆ:

ಅ) ಮೀನಿನ ಬಾಯಿ ಕೆಳಮುಖವಾಗಿರುವುದು ಹುಟ್ಟಿನಿಂದ ಬಂದದ್ದು. ಅದನ್ನು ದುಃಖವೆಂದು ಪರಿಗಣಿಸತಕ್ಕದ್ದಲ್ಲ.

ಆ) ತಡೆಯಲಾಗದಿದ್ದಲ್ಲಿ ಗಾಜಿನ ಹೊರಗೆ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎರಡು ನಿಮಿಷ ಮೀರದಂತೆ ಕನಿಕರಪಡಬಹುದು.

ಇ) ಸದರಿ ಗಂಡನ್ನು "ಭಾವ" ಎಂದೂ ನಾಲ್ಕನೇ ತೊಟ್ಟಿಯನ್ನು "ಅತ್ತೆಮನೆ" ಎಂದೂ ಕರೆಯತಕ್ಕದ್ದಲ್ಲ. ಕರೆದೂ ಕರೆದೂ ಇಷ್ಟಾಗಿದೆ.

ಈ) ಸ್ಥಳ ಬದಲಾವಣೆ ಬಯಸುವ ಮೀನು ಲಿಖಿತ ಅರ್ಜಿ ಸಲ್ಲಿಸತಕ್ಕದ್ದು. ಒದ್ದೆಯಾದ ಅರ್ಜಿಯನ್ನು ಸ್ವೀಕರಿಸಲಾಗುವುದಿಲ್ಲ.

ಉ) ಮರಿಗಳನ್ನು ಬಟ್ಟಲಲ್ಲಿ ತಂದು ಅಪ್ಪನಿಗೆ ತೋರಿಸುವುದನ್ನು ನಿಷೇಧಿಸಲಾಗಿದೆ. ಈಗಾಗಲೇ ತೋರಿಸಿದವರ ಹೆಸರು ಕೇಳುವುದಿಲ್ಲ. ಹಾಜರಿ ಪುಸ್ತಕ ನೋಡಿದರೆ ಸಾಕು.

೬. ವಿಷಯ ತಿಳಿದ ವಿಜ್ಞಾನಿಯವರು ಬಕೆಟ್ ಬೋರಲು ಹಾಕಿ, ಅದರ ಮೇಲೆ ಕುಳಿತರು. ನಂತರ "ನನ್ನ ಮೂರು ವರ್ಷಾನ ಒಂದು ಬಟ್ಟಲಲ್ಲಿ ದಾಟಿಸಿಬಿಟ್ರಲ್ಲ ಮಾವ" ಎಂದು ಆಹಾರ ಹಾಕುವವರಿಗೆ ಹೇಳಿದರು. ಬೇಕಾದರೆ ತನ್ನನ್ನು ಕೆಲಸದಿಂದ ತೆಗೆಯಿರಿ, ಪ್ರಬಂಧ ಅಚ್ಚಾಗಲಿ, ಸಾಯುವ ತನಕ ಬಾಯಿ ಬಿಡುವುದಿಲ್ಲ ಎಂದು ಆಹಾರ ಹಾಕುವವರು ಕೈಮುಗಿದರು. ಬಟ್ಟಲು ಹಿಡಿದವರೂ ಹಾಗೆಯೇ ಹೇಳಿದರು. "ನೀವಿಬ್ಬರು ಬಾಯಿ ಬಿಡಲ್ಲ. ಮರಿಗಳು ಬಾಲದಲ್ಲೇ ಬರ್ಕೊಂಡು ಓಡಾಡ್ತಿವೆಯಲ್ಲ" ಎಂದು ಹೇಳಿ, ವಿಜ್ಞಾನಿಯವರು ಪೆನ್ನು ಕೇಳಿ ಪಡೆದಿರುತ್ತಾರೆ. ಯಾರನ್ನೂ ತೆಗೆದಿರುವುದಿಲ್ಲ. ಚುಕ್ಕಿಯ ಮೊಟ್ಟೆಗಳೊಂದಿಗೆ ಒಂದನೇ ತೊಟ್ಟಿಯಲ್ಲಿ ಮೊದಲಿನಿಂದ ಶುರು.

ಸಹಿ/-
ಮೇಲ್ವಿಚಾರಕಿ, ತೊಟ್ಟಿ ಕೋಣೆ
(ಕೈ ಒದ್ದೆಯಿದ್ದುದರಿಂದ ಸಹಿ ಹರಡಿದೆ)

ಪ್ರತಿಗಳು:
೧. ಆಹಾರ ಹಾಕುವವರಿಗೆ, ಎರಡು ಪ್ರತಿ. ಒಂದು ಕಳೆಯುತ್ತಾರೆ.
೨. ಕಾವಲುಗಾರರಿಗೆ, ಹಾರುವ ವಾದವನ್ನು ಮತ್ತೆ ಎತ್ತಬಾರದೆಂಬ ಷರಾದೊಂದಿಗೆ.
೩. ಏಳನೇ ತೊಟ್ಟಿಯ ಗಾಜಿಗೆ, ಅಕ್ಷರ ಒಳಮುಖವಾಗಿ.
೪. ಸಂಪಾದಕರಿಗೆ, ವಿಜ್ಞಾನಿಯವರ ಈ ಉತ್ತರದೊಂದಿಗೆ: "ಖಚಿತವಲ್ಲ. ಒಂದು ಮೀನು ನಾಲ್ಕು ದಿನ ಹೋಗಿ ಬಂದಿದೆ. ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ." ಇಂದು ಬೆಳಿಗ್ಗೆ ಹನ್ನೊಂದೂಕಾಲಿಗೆ ಅಂಚೆಗೆ ಹಾಕಲಾಗಿದೆ.