ವಸಿಷ್ಠರ ಮನೆಯ ಮೂರನೆಯವರು

ಗುಂಡಣ್ಣ ಆ ಒಂದು ಮಾತು ಆಡದೆ ಇದ್ದಿದ್ದರೆ ಅಷ್ಟು ಹೊತ್ತಿಗೆ ಎಲೆ ಹಾಕಿ ಕೋಸಂಬರಿ ಬಡಿಸಿಬಿಡುತ್ತಿದ್ದರು.

ಎರಡು ಸಾವಿರದ ಹದಿಮೂರರ ಮೇ ತಿಂಗಳ ಒಂದು ಭಾನುವಾರ. ಸಂಜಯನಗರದ ಛತ್ರದ ಬಾಗಿಲಲ್ಲಿ, ಹನ್ನೆರಡೂಕಾಲು ಗಂಟೆಯ ಬಿಸಿಲಿನಲ್ಲಿ, ಪುರೋಹಿತರು ಮದುಮಕ್ಕಳನ್ನು ನಿಲ್ಲಿಸಿಕೊಂಡು ಎದುರುಮನೆಯ ನೀರಿನ ಟ್ಯಾಂಕಿನ ಕಡೆಗೆ ಬೆರಳು ತೋರಿಸಿದರು. "ಅದೋ ನೋಡಮ್ಮ, ಅರುಂಧತಿ ನಕ್ಷತ್ರ. ಕಂಡಿತೇ?" ವಧು ವಂದನಾ ಕಣ್ಣು ಕಿರಿದು ಮಾಡಿ ಕಂಡಿತು ಎಂದಳು. ವರ ಪ್ರದ್ಯುಮ್ನನೂ ಕಂಡಿತು ಎಂದ. ಹಿಂದೆ ನಿಂತಿದ್ದ ಮೂವತ್ತು ಜನ ಹಸಿದವರು ತಮಗೂ ಚೆನ್ನಾಗಿಯೇ ಕಂಡಿತು ಎನ್ನುವಂತೆ ತಲೆಯಾಡಿಸಿ ಊಟದ ಹಾಲಿನ ಕಡೆಗೆ ಅರ್ಧ ತಿರುಗಿದರು.

ಆಗ ವಧುವಿನ ಸೋದರತ್ತೆಯ ಗಂಡನಾದ ಗುಂಡಣ್ಣ, ಯಾರೂ ಕೇಳದಿದ್ದರೂ, "ಈಗ ಹೇಗೆ ಕಾಣುತ್ತೆ? ಅರುಂಧತಿ ಈಗ ನೆಲದ ಕೆಳಗಿದಾಳೆ" ಎಂದ.

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೇ ತಿಂಗಳಲ್ಲಿ ಸಪ್ತರ್ಷಿಮಂಡಲ ಮೇಲೇಳುವುದು ಮಧ್ಯಾಹ್ನ ಕಳೆದ ಮೇಲೆ. ಕತ್ತಲಾದ ಮೇಲಷ್ಟೇ ಕಣ್ಣಿಗೆ ಕಾಣುತ್ತದೆ. ಆದರೆ ತಾಳಿ ಕಟ್ಟಿ ಅರ್ಧ ಗಂಟೆಯಾಗಿರುವ ಹುಡುಗಿಯ ಮುಂದೆ ಮುತ್ತೈದೆಯರಲ್ಲಿ ಮೊದಲನೆಯವಳಾದ ಅರುಂಧತಿಯನ್ನು ಹೀಗೆ ನೆಲದ ಕೆಳಗೆ ಕಳಿಸಿದರೆ ಕೇಳಿದವರಿಗೆ ಹೇಗಾಗಬೇಡ? ಯಾರೋ ಶಾಂತಂ ಪಾಪಂ ಎಂದರು. ಪುರೋಹಿತರ ಬೆರಳು ಟ್ಯಾಂಕಿನ ಕಡೆಗೇ ಚಾಚಿಕೊಂಡು ಉಳಿಯಿತು.

ವರನ ಅಜ್ಜಿಗೆ ಎಂಬತ್ತೆರಡು ವರ್ಷ. ಚಿಕ್ಕಬಾಣಾವರದ ಅವರ ಮನೆಯಲ್ಲಿ ಹಾಲು ಉಕ್ಕಬೇಕಾದರೂ ಅಜ್ಜಿಯ ಅಪ್ಪಣೆ ಬೇಕು. ಅವರು ಕೋಲೂರಿಕೊಂಡು ಮುಂದೆ ಬಂದು, ಹಾಗಾದರೆ ತಮ್ಮ ಮದುವೆಯಲ್ಲಿ ತಾವು ಕಂಡದ್ದೇನು ಎಂದು ಕೇಳಿದರು.

"ಯಾವ ತಿಂಗಳು ಅಜ್ಜಿ?"

"ಮಾಘ. ಮಧ್ಯಾಹ್ನ."

ಗುಂಡಣ್ಣ ಕಣ್ಣು ಮುಚ್ಚಿ ಬೆರಳು ಮಡಿಸಿ ಲೆಕ್ಕ ಹಾಕಿ, "ಆಗಲೂ ನೆಲದ ಕೆಳಗೇ. ನೀವು ಏನೂ ನೋಡಿಲ್ಲ ಅಜ್ಜಿ" ಎಂದು ಪ್ರಾಮಾಣಿಕವಾಗಿ ಹೇಳಿದ.

ಅರವತ್ತೈದು ವರ್ಷಗಳ ಹಿಂದೆ ಹೂಡಿದ ಸಂಸಾರ ಒಂದು ಖಾಲಿ ಆಕಾಶದ ಮೇಲೆ ನಿಂತಿತ್ತು ಎಂದು ತಿಳಿದ ಅಜ್ಜಿ ಕೋಲನ್ನು ಒಮ್ಮೆ ನೆಲಕ್ಕೆ ಕುಟ್ಟಿದರು. ಆಮೇಲೆ, ಯಾವಾಗ ಕಾಣುತ್ತದೆ ಎಂದರು. ಸಂಜೆ ಏಳೂವರೆಗೆ, ಎರಡು ಬೀದಿಯಾಚೆ ನಮ್ಮ ಮನೆಯ ತಾರಸಿಯಿಂದ, ನನ್ನ ಹತ್ತಿರ ಟೆಲಿಸ್ಕೋಪೇ ಇದೆ ಎಂದು ಗುಂಡಣ್ಣ ಹೇಳಿಬಿಟ್ಟ. ಹಾಗಾದರೆ ನೋಡಿದ ಮೇಲೆಯೇ ಸೊಸೆಯನ್ನು ಮನೆ ತುಂಬಿಸಿಕೊಳ್ಳುವುದು ಎಂದು ಅಜ್ಜಿ ತೀರ್ಮಾನ ಕೊಟ್ಟು ಊಟಕ್ಕೆ ನಡೆದರು.

ಗುಂಡಣ್ಣನ ಹೆಂಡತಿ ಗೋದಾ ಅವನನ್ನು ಕೈತೊಳೆಯುವ ನಲ್ಲಿಯ ಹತ್ತಿರ ಹಿಡಿದಳು. ವಂದನಾ ಅವಳ ಒಡಹುಟ್ಟಿದ ಅಣ್ಣನ ಮಗಳು. ತವರಿನ ಮದುವೆಯಲ್ಲಿ ಗಂಡ ಹೀಗೆ ಆಕಾಶವನ್ನು ಕೆಳಗಿಳಿಸಿದರೆ ಯಾವ ಹೆಣ್ಣು ಸುಮ್ಮನಿದ್ದಾಳು?

"ಕೇಳಿಸ್ಕೊಳ್ಳಿ" ಎಂದಳು, ತೀರಾ ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದರೆ ಗುಂಡಣ್ಣನಿಗೆ ಹೆಚ್ಚು ಭಯ. "ಇವತ್ತು ಸಂಜೆ ಎಲ್ಲಾ ಸುಸೂತ್ರವಾಗಿ ಮುಗಿದ್ರೆ ನಿಮ್ಮ ಊದುಗೊಳವೆ ಮನೇಲಿರ್ಲಿ. ಇನ್ನು ನಾನು ಅದರ ಬಗ್ಗೆ ತುಟಿ ಬಿಚ್ಚಲ್ಲ. ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ನಾಳೆ ಬೆಳಿಗ್ಗೆ ಅದು ಹಳೇ ಪೇಪರ್‌ನವನ ತಕ್ಕಡೀಲಿರುತ್ತೆ."

ಊದುಗೊಳವೆ ಎಂದರೆ ಆ ಟೆಲಿಸ್ಕೋಪು. ಗುಂಡಣ್ಣ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಅಲ್ಲಿಂದ ನಿವೃತ್ತರಾದ ಪ್ರೊಫೆಸರೊಬ್ಬರು ಹೋಗುವಾಗ, ನಿನಗೆ ಆಸೆ ಇದೆ, ಇಟ್ಟುಕೋ ಎಂದು ಕೊಟ್ಟುಹೋಗಿದ್ದರು. ಎರಡು ವರ್ಷದಿಂದ ಅವನ ಸಂಜೆಗಳೆಲ್ಲ ಅದರೊಳಗೆ ಇಳಿದುಹೋಗಿದ್ದವು. ಚಂದ್ರನ ಅಂಚಿನ ಹಳ್ಳಗಳಲ್ಲಿ ನೆರಳು ಸರಿಯುವುದನ್ನು ನೋಡುತ್ತ ಅವನು ಒಲೆಯ ಮೇಲಿನ ಹಾಲು, ಮುಚ್ಚದೆ ಬಿಟ್ಟ ಗೇಟು, ಬಾರದ ಬಡ್ತಿ ಎಲ್ಲವನ್ನೂ ಮರೆಯುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ಜೋಡಿ ನಕ್ಷತ್ರಗಳೆಂದರೆ ಅವನಿಗೆ ಪ್ರಾಣ. ಬರಿಗಣ್ಣಿಗೆ ಒಂದೇ ಚುಕ್ಕಿ, ಕೊಳವೆಯಲ್ಲಿ ನೋಡಿದರೆ ಎರಡು. ಒಂದೊಂದು ಜೋಡಿ ಬಿಡಿಸಿದಾಗಲೂ ಹಳೆಯ ಡೈರಿಯಲ್ಲಿ "ಒಂದು ಹಳದಿ, ಒಂದು ನೀಲಿ, ಅನ್ಯೋನ್ಯವಾಗಿವೆ" ಎಂದು ಮದುವೆ ದಲ್ಲಾಳಿಯ ಹಾಗೆ ಬರೆದುಕೊಳ್ಳುತ್ತಿದ್ದ. ಅದು ತಕ್ಕಡಿಗೆ ಹೋಗುವುದೆಂದರೆ ಅವನ ಎದೆಯೇ ಹೋದ ಹಾಗೆ. ಊಟಕ್ಕೆ ಕೂತಾಗ ಅವನ ಮುಖ ನೋಡಿ ಬಡಿಸುವವನು ಏನೂ ಕೇಳದೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪವನ್ನೂ ಬಿಟ್ಟು ಹೋದ.

ಸಂಜೆ ಆರಕ್ಕೆ ಗುಂಡಣ್ಣ ಟೆಲಿಸ್ಕೋಪನ್ನು ತಾರಸಿಗೆ ಸಾಗಿಸತೊಡಗಿದ. ಮೂರು ಕಾಲಿನ ಸ್ಟ್ಯಾಂಡು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಹಿಂದಿನ ಮನೆಯ ಮುನಿಯಲ್ಲಮ್ಮ ಬಂದು ಅದನ್ನು ಒಂದೇ ಕೈಯಲ್ಲಿ ಹಾಲಿನ ಕ್ಯಾನಿನ ಹಾಗೆ ಎತ್ತಿಕೊಂಡು ಹೋಗಿ ಮೇಲಿಟ್ಟಳು. ಬಡಾವಣೆ ಆಗುವುದಕ್ಕೆ ಮುಂಚಿನಿಂದಲೂ ಅವಳ ಮನೆಯವರು ಅಲ್ಲಿಯೇ ಇದ್ದವರು. ಸುತ್ತ ಮಹಡಿಗಳೆದ್ದರೂ ಅವಳು ಮಾತ್ರ ಮೂರು ಹಸು ಕಟ್ಟಿಕೊಂಡು ಅರ್ಧ ಬೀದಿಗೆ ಹಾಲು ಹಾಕುತ್ತಿದ್ದಳು. ಪಕ್ಕದ ತಾರಸಿಯಲ್ಲಿ ಬಟ್ಟೆ ಎತ್ತುತ್ತಿದ್ದ ತಾಹೆರಾ ವಿಷಯ ಕೇಳಿ ತಮ್ಮ ತಾರಸಿಯ ದೀಪ ಆರಿಸಿದರು. ಆಮೇಲೆ ಆಚೆ ಮನೆಗೂ ಕೂಗಿ ಹೇಳಿದರು. ಅವರು ಅದರಾಚೆಯವರಿಗೆ ಹೇಳಿದರು. ಏಳು ಗಂಟೆಯ ಹೊತ್ತಿಗೆ ಆ ಸಾಲಿನಲ್ಲಿ ಯಾರ ಮಹಡಿಯ ಮೇಲೂ ದೀಪವಿರಲಿಲ್ಲ.

ಏಳೂಕಾಲಿಗೆ ಮದುವೆಮನೆ ಮೆಟ್ಟಿಲು ಹತ್ತಿತು. ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಉತ್ಸವಮೂರ್ತಿಯ ಹಾಗೆ ಹೊತ್ತು ತಂದರು. ಪುರೋಹಿತರೂ ಬಂದರು, ಮಧ್ಯಾಹ್ನದ ಅವಮಾನ ಇನ್ನೂ ಮುಖದ ಮೇಲಿತ್ತು. ಒಟ್ಟು ನಲವತ್ತು ಜನ. ಗುಂಡಣ್ಣ ಮೊದಲು ಚಂದ್ರನನ್ನು ತೋರಿಸಿದ. ಒಬ್ಬರಿಗೆ ತಮ್ಮ ರೆಪ್ಪೆಯ ಕೂದಲೇ ಕಂಡಿತು. ಇನ್ನೊಬ್ಬರು ಕೊಳವೆಗೆ ಕೈಯೂರಿ ನಿಂತದ್ದರಿಂದ ಚಂದ್ರ ಹೋಗಿ ಹೆಬ್ಬಾಳದ ಕಡೆಯ ಯಾವುದೋ ಹೋರ್ಡಿಂಗಿನ ಹುಡುಗಿ ಕಂಡಳು. ಅವರು ಬಹಳ ಹೊತ್ತು ಜಾಗ ಬಿಡಲಿಲ್ಲ. ವರನ ಸೋದರಮಾವ, ಚಂದ್ರ ತಲೆಕೆಳಗಾಗಿದ್ದಾನೆ, ಕೊಳವೆಯನ್ನು ಉಲ್ಟಾ ಜೋಡಿಸಿದ್ದೀರಿ ಎಂದು ತಪ್ಪು ಹಿಡಿದರು. ಆಕಾಶದಲ್ಲಿ ಮೇಲೆ ಕೆಳಗೆ ಅನ್ನುವುದೇ ಇಲ್ಲ ಎಂದು ಗುಂಡಣ್ಣ ವಿವರಿಸಿದರೆ, ನಮ್ಮ ಮನೆತನದಲ್ಲಿ ಇದೆ ಎಂದರು. ಅಜ್ಜಿ ಮಾತ್ರ ಕಣ್ಣಿಟ್ಟವರೇ ಹಿಗ್ಗಿ, "ಸೆಟ್ ದೋಸೆ ಹುಯ್ದ ಹಾಗೆ ಎಷ್ಟು ಚೆನ್ನಾಗಿ ತೂತು ಬಿದ್ದಿದೆ" ಎಂದರು. ಗೋದಾಳ ಮುಖ ಸಡಿಲವಾಯಿತು. ಗುಂಡಣ್ಣನ ಎದೆಯೂ ಹಗುರಾಯಿತು.

ಆಮೇಲೆ ಅವನು ಕೊಳವೆಯನ್ನು ಈಶಾನ್ಯಕ್ಕೆ ತಿರುಗಿಸಿದ. ಸಪ್ತರ್ಷಿಗಳಲ್ಲಿ ವಸಿಷ್ಠರನ್ನು ಹುಡುಕಿ, ಅವರ ಪಕ್ಕದ ಪುಟ್ಟ ಅರುಂಧತಿಯನ್ನೂ ಚೌಕಟ್ಟಿನೊಳಗೆ ತಂದು, ಅಜ್ಜಿಯನ್ನು ಕರೆದ.

ಅಜ್ಜಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಏನಪ್ಪಾ ಇದು? ದೊಡ್ಡದು ವಸಿಷ್ಠರು ಅಂದ್ರಿ. ಅಷ್ಟು ದೂರದಲ್ಲಿರೋದು ಅರುಂಧತಿ ಅಂದ್ರಿ. ಮತ್ತೆ ವಸಿಷ್ಠರಿಗೆ ಅಂಟಿಕೊಂಡು ಕೂತಿದಾಳಲ್ಲ, ಇವಳ್ಯಾರು?"

ಎರಡು ವರ್ಷ ಈ ಜೋಡಿಯನ್ನು ನೋಡಿ ಆನಂದಪಟ್ಟಿದ್ದ ಗುಂಡಣ್ಣನಿಗೆ ಇದೊಂದು ಪ್ರಶ್ನೆ ಹೊಳೆದೇ ಇರಲಿಲ್ಲ. ಬೀಗಿತ್ತಿ ಬಂದು ನೋಡಿ ಹೌದು ಎಂದರು. ಸೋದರಮಾವ ನೋಡಿ, ಒಳ್ಳೇ ಹೊಳಪಿದ್ದಾಳೆ ಎಂದು ಹೇಳಿ ಹೆಂಡತಿಯಿಂದ ತಿವಿಸಿಕೊಂಡರು. ಅಷ್ಟು ಹೊತ್ತಿಗೆ ಹೆಣ್ಣಿನ ಕಡೆಯವರೆಲ್ಲ ಕಾರಣವಿಲ್ಲದೆ ಪ್ರದ್ಯುಮ್ನನ ಮುಖ ನೋಡತೊಡಗಿದ್ದರು. ಅವನು ಪೇಟ ತೆಗೆದು ಬೆವರು ಒರೆಸಿಕೊಂಡ. ಒರೆಸಿಕೊಂಡದ್ದರಿಂದ ಇನ್ನಷ್ಟು ಜನ ನೋಡಿದರು. ಮದುವೆಯ ದಿನವೇ ಇಂಥದ್ದನ್ನು ತೋರಿಸಬಹುದೇ ಎಂದು ವಂದನಾಳ ತಾಯಿ ಕಣ್ಣಿಗೆ ಸೆರಗು ಹಚ್ಚಿದರು.

ಇಲ್ಲಿ ಗುಂಡಣ್ಣ ಸುಮ್ಮನಿರಬಹುದಿತ್ತು. ಆದರೆ ಸಮಾಧಾನ ಹೇಳಬೇಕು ಅನ್ನಿಸಿತು. "ಅಯ್ಯೋ, ತಪ್ಪು ತಿಳ್ಕೋಬೇಡಿ. ವಸಿಷ್ಠರೊಬ್ಬರದೇ ಅಲ್ಲ. ಆ ಇಬ್ಬರಲ್ಲಿ ಒಬ್ಬೊಬ್ಬರೂ ಮತ್ತೆ ಇಬ್ಬಿಬ್ಬರು. ಅರುಂಧತಿಗೂ ಒಬ್ಬ ಜೊತೆಗಾರ ಇದಾನೆ. ಒಟ್ಟು ಆರು ಜನ."

ಕೆಳಗೆ ಯಾರದೋ ಮನೆಯ ಕುಕ್ಕರು ಕೂಗಿದ್ದು ಎಲ್ಲರಿಗೂ ಕೇಳಿಸಿತು. ಗೋದಾ ಗಂಡನನ್ನು ನೋಡಿದಳು. ಆ ನೋಟದಲ್ಲಿ ಗುಂಡಣ್ಣನಿಗೆ ತಕ್ಕಡಿ, ಅದರ ಒಂದು ಕಡೆ ತೂಕದ ಕಲ್ಲು, ಇನ್ನೊಂದು ಕಡೆ ತನ್ನ ಕೊಳವೆ, ಎಲ್ಲ ಸ್ಪಷ್ಟವಾಗಿ ಕಂಡವು. ಅಜ್ಜಿ ಕೋಲಿಗೆ ಕೈ ಹಾಕಿದರು.

"ನಾನೊಂದ್ಕಿತ ನೋಡ್ಲಾ?" ಎಂದು ಹಿಂದಿನಿಂದ ಮುನಿಯಲ್ಲಮ್ಮನ ಧ್ವನಿ ಬಂತು. ಜನ ದಾರಿ ಬಿಟ್ಟರು. ಅವಳು ಸೆರಗು ಸಿಕ್ಕಿಸಿಕೊಂಡು ಬಗ್ಗಿ ನಿಧಾನವಾಗಿ ನೋಡಿದಳು.

"ಯಾವೋಳೂ ಅಲ್ಲ ಕಣ್ ಅಜ್ಜಮ್ಮ. ಅದು ಅಸ."

"ಏನು?"

"ಅಸ. ಆಲು ಕರಿಯೋ ಅಸ. ರುಷಿಗೋಳ ಮನೆ ಅಂದ್ಮ್ಯಾಕೆ ಒಂದ್ ಅಸ ಇರಾಕಿಲ್ವಾ? ಬಾಗ್ಲಾಗೇ ಕಟ್ಟವ್ರೆ."

ಅಜ್ಜಿಗೆ ಇನ್ನೂ ಅನುಮಾನ. ಹಾಗಾದರೆ ಅರುಂಧತಿ ಅಷ್ಟು ದೂರ ಯಾಕೆ ಎಂದರು.

"ಸಗಣಿ ಬಾಚಿ ಕೈ ತೊಳ್ಯಾಕೆ ಓಗವ್ಳೆ. ಇನ್ನೇನ್ ಬತ್ತಾಳೆ."

ಗಂಡಸರು ಗಡಿಯಾರ ನೋಡಿಕೊಂಡರು, ನಿಜಕ್ಕೂ ಬರುತ್ತಾಳೇನೋ ಎಂಬಂತೆ. ಆಗ ಪುರೋಹಿತರು ಗಂಟಲು ಸರಿಪಡಿಸಿಕೊಂಡರು. ಮಧ್ಯಾಹ್ನದ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಅವರು ಗುಂಡಣ್ಣನ ಬಿಳಿಚಿಕೊಂಡ ಮುಖವನ್ನೊಮ್ಮೆ ನೋಡಿ, "ಸತ್ಯವಾದ ಮಾತು. ನಂದಿನಿ. ವಸಿಷ್ಠಾಶ್ರಮದ ಹೋಮಧೇನು" ಎಂದು ಕೈಮುಗಿದು, ಗೋವಿನ ಮೇಲೆ ನೆನಪಿಗೆ ಬಂದ ಶ್ಲೋಕವನ್ನು ದೊಡ್ಡದಾಗಿ ಹೇಳಿದರು. ನಲವತ್ತು ಜೊತೆ ಕೈಗಳು ಮೇಲೆದ್ದವು. ಪ್ರದ್ಯುಮ್ನ ಎಲ್ಲರಿಗಿಂತ ಜೋರಾಗಿ ಮುಗಿದ.

"ಆದ್ರೆ ಅದು ನಿಜವಾಗಿ..." ಎಂದು ಗುಂಡಣ್ಣ ಬಾಯಿ ತೆಗೆದ. ಅಲ್ಲಿಯೇ ಕಾದಿದ್ದ ಗೋದಾ ಮದುವೆಯ ಲಾಡು ಒಂದನ್ನು ಇಡಿಯಾಗಿ ಆ ಬಾಯೊಳಗೆ ಇಟ್ಟಳು.

ಅಜ್ಜಿ ಮೂರನೆಯ ಸಲ ಕೊಳವೆಗೆ ಕಣ್ಣಿಟ್ಟು ಬಹಳ ಹೊತ್ತು ಹಾಗೇ ಇದ್ದರು. ಎದ್ದಾಗ ಕಣ್ಣು ತುಂಬಿತ್ತು. ನಮ್ಮ ಮದುವೆಯಲ್ಲಿ ಕಾಣದ ಅರುಂಧತಿಯನ್ನು ಹಸುವಿನ ಸಮೇತ ಕಾಣಿಸಿದಿರಿ, ನಮ್ಮೆಜಮಾನರು ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರೋ ಎಂದು ಗುಂಡಣ್ಣನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಲಾಡು ತುಂಬಿದ ಬಾಯಲ್ಲಿ ಗುಂಡಣ್ಣನ ಕಣ್ಣೂ ಒದ್ದೆಯಾಯಿತು. ಗೆದ್ದೆ, ಕೊಳವೆ ಉಳಿಯಿತು ಎಂದುಕೊಂಡ.

"ದಿನಾ ಸಂಜೆ ಹೀಗೇ ನೋಡಿ ಕೈ ಮುಗಿಯೋ ಹಾಗಿದ್ದಿದ್ರೆ" ಎಂದು ಅಜ್ಜಿ ಯಾರಿಗೂ ಅಲ್ಲದ ಹಾಗೆ ಅಂದುಕೊಂಡರು.

ತವರಿನ ಮಾನ ಉಳಿದ ಹಿಗ್ಗಿನಲ್ಲಿ ಗೋದಾ ಉಕ್ಕಿ ಹರಿಯುತ್ತಿದ್ದಳು. "ಅದಕ್ಕೇನಂತೆ ಅಜ್ಜಿ? ಹಿಂದೆಲ್ಲ ಹೆಣ್ಣುಮಗಳ ಜೊತೆ ಬಳುವಳಿಗೆ ಹಸು ಹೊಡ್ಕೊಂಡು ಬರ್ತಿರ್ಲಿಲ್ವೇ? ನಮ್ಮ ವಂದನಾಳ ಜೊತೆ ಈ ಹಸು ಬರುತ್ತೆ. ಅಲ್ವೇನ್ರೀ?"

ಗುಂಡಣ್ಣ ಏನೋ ಹೇಳಿದ. ಲಾಡಿನೊಳಗಿಂದ ಬಂದದ್ದರಿಂದ ಅದು ಒಪ್ಪಿಗೆ ಎಂದೇ ಎಲ್ಲರಿಗೂ ಕೇಳಿಸಿತು.

ಆಮೇಲೆ ಎಲ್ಲ ಬಹಳ ಬೇಗ ನಡೆಯಿತು. ಟೆಲಿಸ್ಕೋಪಿಗೆ ಅರಿಸಿನ ಕುಂಕುಮ ಹಚ್ಚಿದರು. ಯಾರೋ ಭಕ್ತಿಯಿಂದ ಮುಂದಿನ ಗಾಜಿನ ನಟ್ಟನಡುವೆಯೂ ಒಂದು ಬೊಟ್ಟಿಟ್ಟರು. ಛತ್ರದಿಂದ ತಂದ ಮಲ್ಲಿಗೆ ಹಾರ ಸುತ್ತಿದರು. ಅಜ್ಜಿ ಕಾರಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಚಳಿಯಾದೀತೆಂದು ಸೆರಗು ಹೊದಿಸಿದರು. ವಂದನಾ ಕಾಲಿಗೆ ಬೀಳಲು ಬಂದವಳು ಕಿವಿಯ ಹತ್ತಿರ ಕೇಳಿದಳು, "ಮಾವ, ಆರು ಜನ ಅನ್ನೋದು ನಿಜಾನಾ?"

"ನಿಜ ಕಣಮ್ಮ."

"ಆ ಮನೇಲೂ ಆರೇ ಜನ. ಹೊಂದಿಕೊಳ್ತೀನಿ ಬಿಡಿ" ಎಂದು ಅಳುತ್ತಲೇ ನಕ್ಕಳು.

ಕಾರುಗಳು ಹೊರಡುವ ಹೊತ್ತಿಗೆ ಗುಂಡಣ್ಣನ ಬಾಯಿ ಖಾಲಿಯಾಗಿತ್ತು. "ಮನೇಲಿರುತ್ತೆ ಅಂದಿದ್ದೆಯಲ್ಲ" ಎಂದ, ಹೆಂಡತಿಗೆ ಮಾತ್ರ ಕೇಳುವಂತೆ. "ಇದ್ದೇ ಇರುತ್ತಲ್ಲ. ವಂದನಾಳ ಮನೆ ಬೇರೆ, ನಮ್ಮ ಮನೆ ಬೇರೆಯೇ?" ಎಂದಳು ಗೋದಾ.

ಅಷ್ಟರಲ್ಲಿ ಕಾರಿನ ಕಿಟಕಿ ಇಳಿಯಿತು. ಆ ಕೊಳವೆ ತಿರುಗಿಸುವುದು ತಮ್ಮ ಮನೆಯಲ್ಲಿ ಯಾರಿಗೂ ಬಾರದು, ಪ್ರತಿ ಶುಕ್ರವಾರ ಸಂಜೆ ಗುಂಡಣ್ಣನವರೇ ಬಂದು ಎಲ್ಲರಿಗೂ ದರ್ಶನ ಮಾಡಿಸಬೇಕು ಎಂದು ಅಜ್ಜಿ ಅಪ್ಪಣೆ ಮಾಡಿದರು. "ಹಸು ನೋಡೋಕೆ ಬರಿಗೈಲಿ ಬರಬಾರ್ದು. ಒಂದು ಹಿಡಿ ಹುಲ್ಲು ತನ್ನಿ."

ಮುಂದಿನ ಶುಕ್ರವಾರ ಗುಂಡಣ್ಣ ಆಫೀಸು ಬಿಟ್ಟವನೇ ಯಶವಂತಪುರದಲ್ಲಿ ಬಸ್ಸು ಬದಲಿಸಿ ಚಿಕ್ಕಬಾಣಾವರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ತೊಡೆಯ ಮೇಲೆ ಮುನಿಯಲ್ಲಮ್ಮ ಕಾಸು ಬೇಡವೆಂದು ಕಟ್ಟಿಕೊಟ್ಟ ಹಸಿ ಹುಲ್ಲಿನ ಹೊರೆ. ಹಿಡಿ ಹುಲ್ಲು ಹಸುವಿಗೆ ಎಲ್ಲಿ ಸಾಕಾದೀತು ಎಂದು ಅವಳು ಅಷ್ಟು ಕೊಟ್ಟಿದ್ದಳು. ಪಕ್ಕದವರು ಹುಲ್ಲು ಚುಚ್ಚಿದರೂ ಬೈಯದೆ ಸರಿದು ಜಾಗ ಕೊಟ್ಟರು. ಟಿಕೆಟ್ ಹರಿಯುತ್ತ ಬಂದ ಕಂಡಕ್ಟರು ಹೊರೆಯನ್ನೂ ಇಸ್ತ್ರಿ ಮಾಡಿದ ಷರಟನ್ನೂ ನೋಡಿ, ಈ ಕಾಲದಲ್ಲೂ ಹಸು ಸಾಕಿದ್ದೀರಲ್ಲ ಸಾರ್, ಎಲ್ಲಿ ಕಟ್ಟಿದ್ದೀರಿ ಎಂದು ಕಳಕಳಿಯಿಂದ ಕೇಳಿದ.

ಗುಂಡಣ್ಣ ನಿಜ ಹೇಳಲು ಬಾಯಿ ತೆಗೆದ. ಒಮ್ಮೆ ಕಿಟಕಿಯಾಚೆ ನೋಡಿದ.

"ಚಿಕ್ಕಬಾಣಾವರ ದಾಟಿ ಇನ್ನೂ ಸ್ವಲ್ಪ ದೂರ ಹೋಗ್ಬೇಕಪ್ಪ" ಎಂದ.