ಪೆಟ್ಟಿಗೆಯ ಮೂಗು

ನಮ್ಮ ಸಂಶೋಧಕ ಮಹಾಶಯರಿಗೆ ಪ್ರಯೋಗಾಲಯದಲ್ಲಿ ಎಲ್ಲಿಲ್ಲದ ಮರ್ಯಾದೆ, ಮನೆಯಲ್ಲಿ ಮಾತ್ರ ಮೂರು ಕಾಸಿನ ಬೆಲೆಯಿಲ್ಲ. ಅದಕ್ಕೆ ಕಾರಣ ಅವರ ಓದುವ ಕೋಣೆ. ಅದು ನಾರುತ್ತದೆಂದು ಹೆಂಡತಿ, ಇಲ್ಲವೇ ಇಲ್ಲವೆಂದು ಇವರು. (ಕಾಗದಗಳು ಹಾರಿಹೋಗುತ್ತವೆಂದು ಆ ಕೋಣೆಯ ಕಿಟಕಿಯನ್ನು ಮದುವೆಯಾದಂದಿನಿಂದ ತೆರೆದಿಲ್ಲ.) ಈಗ ಅತ್ತೆಯವರು ಬಂದು ಇಲ್ಲೇ ಇರುವುದೆಂದು ತೀರ್ಮಾನವಾಗಿ ಕೋಣೆಗೇ ಸಂಚಕಾರ ಬಂತು. ಅದನ್ನು ತೊಳೆದು ಅಮ್ಮನಿಗೆ ಕೊಡಬೇಕೆಂದು ಹೆಂಡತಿ ಪಟ್ಟು ಹಿಡಿದಳು. ವಾಸನೆ ಇದೆಯೆಂದು ಯಂತ್ರ ಹೇಳಿದರೆ ಕೋಣೆ ಬಿಡುತ್ತೇನೆ, ಇಲ್ಲವಾದರೆ ಅತ್ತೆಗೆ ನಡುಮನೆಯೇ ಗತಿ ಎಂದು ಮಹಾಶಯರು ಸವಾಲು ಹಾಕಿದರು.

ಮರುದಿನ ಸಂಜೆ ಅವರು ಕುಣಿಯುತ್ತಲೇ ಮನೆಗೆ ಬಂದರು. ಕಂಕುಳಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಅವರೇ ಕಟ್ಟಿದ ಎಲೆಕ್ಟ್ರಾನಿಕ್ ಮೂಗು. ಒಳಗೆ ಕಣ್ಣಿಗೆ ಕಾಣದ ನ್ಯಾನೊ ಕಣಗಳ ಲೇಪ. ಯಾವುದಾದರೂ ಆವಿ ತಾಗಿದರೆ ಲೇಪದಲ್ಲಿ ಹರಿಯುವ ವಿದ್ಯುತ್ತು ಏರುಪೇರಾಗಿ ಪೆಟ್ಟಿಗೆ ಕೂಗುತ್ತದೆ. ಮೊದಲು ಒಂದಿಷ್ಟು ಶುದ್ಧ ಗಾಳಿ ಕುಡಿಸಿ ಪಾಠ ಹೇಳಿದರಾಯಿತು, ಆಮೇಲೆ ಅದಕ್ಕಿಂತ ಬೇರೆಯಾದದ್ದೆಲ್ಲ ಅದರ ಲೆಕ್ಕದಲ್ಲಿ ವಾಸನೆಯೇ. ಆ ಪಾಠವನ್ನು ಮಹಾಶಯರು, ಯಾರ ಕಾಟವೂ ಬೇಡವೆಂದು, ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಮುಗಿಸಿದರು.

ಪರೀಕ್ಷೆ ಶುರುವಾಯಿತು. ಅಡುಗೆಮನೆಯಲ್ಲಿ ಪೆಟ್ಟಿಗೆ ಕುಯ್ಯೋ ಎಂದಿತು. ನಡುಮನೆಯಲ್ಲೂ ಅದೇ ರಾಗ. ಆಗತಾನೆ ಸ್ನಾನ ಮಾಡಿ ಬಂದ ಹೆಂಡತಿಯನ್ನು ಕಂಡು ಇನ್ನೂ ಜೋರಾಗಿ ಅರಚಿತು. ಅವಳ ಮುಖ ಕೆಂಪಾಯಿತು. ಕೊನೆಗೆ ಕೋಣೆಗೆ ಬಂದರೆ ಗಪ್‌ಚಿಪ್! ಕುರ್ಚಿಯ ಮೇಲಿನ ಒದ್ದೆ ಟವೆಲ್ಲಿಗೂ ಮೇಜಿನಡಿಯ ಕಾಲುಚೀಲಕ್ಕೂ ತುಟಿಪಿಟಕ್ಕೆನ್ನಲಿಲ್ಲ. ಮಹಾಶಯರಿಗೆ ಸ್ವರ್ಗ ಮೂರೇ ಗೇಣು.

"ನೋಡಿದ್ಯಾ? ಇಡೀ ಮನೇಲಿ ಶುದ್ಧವಾದ ಜಾಗ ಇದೊಂದೇ ಕಣೇ."

ಹೆಂಡತಿ ನೇರವಾಗಿ ಹೋಗಿ ಕಿಟಕಿಯನ್ನು ಬಲವಾಗಿ ತಳ್ಳಿ ತೆರೆದಳು. ತಂಗಾಳಿ ಒಳಗೆ ನುಗ್ಗಿದ್ದೇ ತಡ, ಪೆಟ್ಟಿಗೆ ಊರು ಒಂದಾಗುವಂತೆ ಬೊಬ್ಬೆ ಹೊಡೆಯಿತು.

"ರೀ, ಇದಕ್ಕೆ ಶುದ್ಧ ಗಾಳಿ ಅಂತ ಎಲ್ಲಿ ಕುಡಿಸಿದ್ರಿ?"

"ಇಲ್ಲೇ," ಎಂದರು ಮಹಾಶಯರು, ನೆಲ ನೋಡುತ್ತ.

"ಹಾಗಾದ್ರೆ ಅದನ್ನ ಬೈದು ಪ್ರಯೋಜನ ಇಲ್ಲ ಬಿಡಿ. ಪಾಪ, ಅಪ್ಪನ ಮೂಗೇ ಬಂದಿದೆ."

ಕೋಣೆ ಹೋಯಿತು. ಕಾಗದ, ಕಾಲುಚೀಲಗಳ ಸಮೇತ ಮಹಾಶಯರು ನಡುಮನೆಗೆ ವರ್ಗವಾದರು. ಪೆಟ್ಟಿಗೆಗೆ ತಾರಸಿಯ ಮೇಲೆ, ಹೆಂಡತಿಯ ಖುದ್ದು ಉಸ್ತುವಾರಿಯಲ್ಲಿ, ಹೊಸದಾಗಿ ಪಾಠವಾಯಿತು. ಅಳಿಯ ಮಾಡಿದ ಯಂತ್ರವೆಂದು ಅತ್ತೆ ಅದನ್ನು ಅಕ್ಕರೆಯಿಂದ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡರು. ತೊಳೆದು ಗಾಳಿಯಾಡಿದ ಕೋಣೆಯಲ್ಲಿ ಅದು ಇಡೀ ದಿನ ಸುಮ್ಮನಿತ್ತು.

ಸಂಜೆ ಕೆಲಸ ಮುಗಿಸಿ ಬಂದ ಮಹಾಶಯರು, ಅತ್ತೆಯನ್ನು ವಿಚಾರಿಸೋಣವೆಂದು ಬೂಟು ಬಿಚ್ಚಿ ಕೋಣೆಯ ಹೊಸ್ತಿಲಿಗೆ ಕಾಲಿಟ್ಟರು. ಪೆಟ್ಟಿಗೆ ಕೂಗಿಕೊಂಡಿತು. ಅತ್ತೆಯ ಮುಖ ಅರಳಿತು.

"ಎಂಥಾ ಜಾಣ ಯಂತ್ರ ನೋಡೇ ಮಗಳೇ," ಎಂದರು ಆಕೆ. "ಅಳಿಯಂದಿರು ಬಂದ್ರೆ ಮಾತ್ರ ಬೆಲ್ ಹೊಡೆಯುತ್ತೆ."